ನಾಲ್ಕು ಬೆರಳಿನ ಅಂತರ

ದ್ರೋಣಪರ್ವದ ಆ ಸಂದರ್ಭವನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಯೋ ನನಗೇ ಲೆಕ್ಕವಿಲ್ಲ. ಸತ್ಯವಲ್ಲದೆ ಬೇರೊಂದನ್ನು ನುಡಿಯದ ಧರ್ಮರಾಯನ ರಥವು ಅಂದಿನವರೆಗೆ ನೆಲವನ್ನು ಸೋಕದೆ ನಾಲ್ಕು ಬೆರಳು ಮೇಲೆ ಚಲಿಸುತ್ತಿತ್ತಂತೆ. ಅಶ್ವತ್ಥಾಮನ ಹೆಸರೆತ್ತಿ ಅರ್ಧ ಸತ್ಯವನ್ನಾಡಿದ ಕ್ಷಣದಲ್ಲಿಯೇ ಅದು ಎಲ್ಲರ ರಥಗಳಂತೆ ಮಣ್ಣಿಗಿಳಿಯಿತಂತೆ. ಹತ್ತು ವರ್ಷಗಳಾಚೆ ಸಿಂಧನೂರಿನಲ್ಲಿ ಪದವಿ ತರಗತಿಗೆ ನಾನು ಇದನ್ನು ತುಸು ಭಾವವಶನಾಗಿಯೇ ಹೇಳಿ ಮುಗಿಸಿದಾಗ, ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಹಂಗಾರ ಧರ್ಮರಾಯನ ಗಾಡೀದು ಗ್ರೌಂಡ್ ಕ್ಲಿಯರೆನ್ಸ್ ನಾಲ್ಕು ಬೆರಳು ಅನ್ರಿ ಸರ್ರ!”

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ನಗದೆ ಬೇರೆ ದಾರಿಯಿರಲಿಲ್ಲ, ಏಕೆಂದರೆ ಆ ಶಬ್ದದ ಅರ್ಥ ನನಗೆ ಅಂದು ನೆಟ್ಟಗೆ ಗೊತ್ತಿರಲಿಲ್ಲ. ಇಂದು ಗೊತ್ತಿದೆ. ಗಾಲಿಗಳನ್ನು ಬಿಟ್ಟು, ಗಾಡಿಯ ಒಡಲಿನಲ್ಲಿ ಎಲ್ಲಕ್ಕಿಂತ ಕೆಳಗೆ ಇಳಿದಿರುವ ಭಾಗ ಯಾವುದೋ ಅದಕ್ಕೂ ನೆಲಕ್ಕೂ ನಡುವೆ ಉಳಿಯುವ ಬಯಲಿಗೆ ಆ ಹೆಸರು. ಧರ್ಮರಾಯನ ಗಾಲಿಗಳೇ ಮಣ್ಣು ಬಿಟ್ಟು ಮೇಲಿದ್ದವಾದ್ದರಿಂದ ಹುಡುಗನ ಲೆಕ್ಕ ಶಾಸ್ತ್ರದ ಪ್ರಕಾರ ತಪ್ಪು. ಆದರೆ ಅದನ್ನು ತಿದ್ದುವಷ್ಟು ವಿದ್ಯೆಯನ್ನು ನಾನು ಸಂಪಾದಿಸಿದ್ದು ಪುಸ್ತಕದಿಂದಲ್ಲ. ಕಳೆದ ಆಷಾಢದ ಒಂದು ರಾತ್ರಿ, ಮಸ್ಕಿಯ ಈಚೆಗಿರುವ ನಮ್ಮೂರಿನ ಹಾದಿಯಲ್ಲಿ ನನಗದು ದಕ್ಕಿತು.

ಹಿಂದಿನ ಬೆಂಚಿನ ಆ ಹುಡುಗ ಈಗ ಸಿಂಧನೂರಿನಲ್ಲಿ ಕಾರುಗಳನ್ನು ಸಿಂಗರಿಸುವ ಅಂಗಡಿ ಇಟ್ಟಿದ್ದಾನೆ. ಸೀಟಿಗೆ ಹೊದಿಕೆ, ಗಾಲಿಗೆ ಹೊಳೆಯುವ ಅಲಾಯ್, ಹಾಡಿಗೆ ಪೆಟ್ಟಿಗೆ. ಇವೆಲ್ಲ ಹೊಟ್ಟೆಪಾಡಿಗೆ, ಮನಸ್ಸಿನ ಪಾಡಿಗೆ ಅವನದೊಂದು ಕರಿಯ ಕಾರಿದೆ. ಅದರ ಒಡಲು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಸಂಜೆ ದೂರದಿಂದ ನೋಡಿದವರಿಗೆ ರಸ್ತೆಯ ಮೇಲೆ ಮಸಿ ಚೆಲ್ಲಿ ಹರಿಯುತ್ತಿರುವಂತೆ ಕಾಣುತ್ತದೆ. ಚೆಲುವಿಲ್ಲವೆಂದು ನಾನು ಹೇಳಲಾರೆ. ಹಂಪು ಬಂದಾಗ ಮಾತ್ರ ನೋಡಬೇಕು: ಒಳಗಿನ ಗೆಳೆಯರೆಲ್ಲ ಇಳಿಯುತ್ತಾರೆ, ಒಬ್ಬ ಮುಂದೆ ಬಗ್ಗಿ ಕೈಸನ್ನೆ ಮಾಡುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ಮಂಡಿಯೂರಿ ಒಡಲು ನೋಡುತ್ತಾನೆ, ಗಾಡಿ ಓರೆಯಾಗಿ ಒಂದೊಂದೇ ಗಾಲಿಯನ್ನು ಎತ್ತಿ ಇಡುತ್ತ ದಾಟುತ್ತದೆ. ತೇರಿನ ಗಾಲಿಗೆ ಗೊದ್ದ ಕೊಡುವವರ ಶ್ರದ್ಧೆ ಅದು. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿನವರೆಗೆ ಐವತ್ತು ಕಿಲೋಮೀಟರಿಗೂ ಮೇಲ್ಪಟ್ಟ ಹಾದಿಯಲ್ಲಿ ಎಲ್ಲೆಲ್ಲಿ ಎಂತಹ ಉಬ್ಬಿದೆ ಎಂಬುದು ಅವನಿಗೆ ಬಾಯಿಪಾಠ. ಷಟ್ಪದಿಯ ಲಕ್ಷಣವನ್ನು ಮೂರು ವರ್ಷ ಕೇಳಿದರೂ ಹೇಳದಿದ್ದವನು ಇವನೇ.

“ಗಾಡಿ ತಗ್ಗಿದಷ್ಟೂ ರಸ್ತಿ ಗಟ್ಟಿ ಹಿಡೀತೈತ್ರಿ ಸರ್ರ” ಎಂಬುದು ಅವನ ವಾದ. ಈ ಮಾತು ಸುಳ್ಳಲ್ಲ. ಭಾರದ ನಡುವಣ ಬಿಂದು ನೆಲಕ್ಕೆ ಸಮೀಪವಾದಷ್ಟೂ ತಿರುವಿನಲ್ಲಿ ಒಡಲು ವಾಲುವುದು ಕಡಿಮೆ. ಪಂದ್ಯದ ಕಾರುಗಳೆಲ್ಲ ನೆಲಕ್ಕಂಟಿಕೊಂಡಿರುವುದು ಅದಕ್ಕೇ. ಫಾರ್ಮುಲಾ ಒನ್ ಪಂದ್ಯದವರು ಈ ಆಸೆ ಮಿತಿಮೀರಬಾರದೆಂದು 1994ರಲ್ಲಿ ಪ್ರತಿಯೊಂದು ಕಾರಿನ ಹೊಟ್ಟೆಗೂ ಹತ್ತು ಮಿಲಿಮೀಟರ್ ದಪ್ಪದ ಹಲಗೆಯೊಂದನ್ನು ಕಟ್ಟಿಸಿದರು. ಪಂದ್ಯ ಮುಗಿದ ಮೇಲೆ ಹಲಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ಸವೆದಿದ್ದರೆ ಗಾಡಿ ನೆಲಕ್ಕೆ ಉಜ್ಜಿದೆಯೆಂದು ಅರ್ಥ. ಅದೇ ವರ್ಷ ಬೆಲ್ಜಿಯಂನಲ್ಲಿ ಮೊದಲಿಗನಾಗಿ ಗುರಿ ಮುಟ್ಟಿದ ಷೂಮಾಕರನ ಗೆಲುವು ಈ ಹಲಗೆಯಿಂದಲೇ ರದ್ದಾಯಿತು. 2023ರಲ್ಲಿ ಅಮೆರಿಕದ ಪಂದ್ಯದಲ್ಲಿ ಹ್ಯಾಮಿಲ್ಟನ್ ಮತ್ತು ಲೆಕ್ಲೇರ್ ಇಬ್ಬರೂ ಹಾಗೆಯೇ ಪಟ್ಟಿಯಿಂದ ಹೊರಬಿದ್ದರು. ಕೋಟಿಗಟ್ಟಲೆ ಬೆಲೆಯ ಯಂತ್ರದ ಸತ್ಯಾಸತ್ಯವನ್ನು ಒಂದು ಹಲಗೆ ಹೇಳುವುದೆಂದರೆ ನಮ್ಮ ಬಡಗಿಗಳಿಗೆ ಸಂತೋಷವಾದೀತು.

ಆದರೆ ಆ ಪಂದ್ಯದ ಅಂಗಳ ಕನ್ನಡಿಯಂತಿರುತ್ತದೆ. ನಮ್ಮದು ಎರೆ ನೆಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟು ದಿನ ಸಮನಾಗಿದ್ದೀತು? ತುಂಗಭದ್ರೆಯ ಎಡದಂಡೆ ಕಾಲುವೆ ಬಂದಂದಿನಿಂದ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯಲ್ಲಿ ಕೆಸರು ತುಳಿಯಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್ ಬಂತು. ಅದನ್ನು ಬಿಚ್ಚಿ ರಸ್ತೆಗಿಳಿಯಬೇಕೆಂದು ಕಟ್ಟಪ್ಪಣೆಯಿದ್ದರೂ, ನಾಟಿಯ ಅವಸರದಲ್ಲಿ ಬಿಚ್ಚಿ ಕಟ್ಟುವ ವ್ಯವಧಾನ ಯಾರಿಗಿದೆ! ಆ ಹಲ್ಲುಗಳು ಡಾಂಬರನ್ನು ಕಚ್ಚಿದ ಗುರುತುಗಳ ಮೇಲೆಯೇ ನಾವು ವರ್ಷವಿಡೀ ಓಡಾಡುತ್ತೇವೆ.

ಇಂತಹ ನೆಲವನ್ನು ಬಲ್ಲವರು ಬಂಡಿ ಮಾಡುತ್ತಿದ್ದವರು. ನನ್ನ ತಂದೆಯವರ ಬಂಡಿಗೆ ಎದೆಯೆತ್ತರದ ಗಾಲಿಗಳಿದ್ದವು. ಚಿಕ್ಕವನಿದ್ದಾಗ ನಾನು ತಲೆ ತಗ್ಗಿಸಿದರೆ ಅಚ್ಚಿನ ಕೆಳಗೇ ನುಸುಳಿ ಆಚೆ ಹೋಗಬಹುದಾಗಿತ್ತು. ಮಳೆಗಾಲದ ಎರೆಯಲ್ಲಿ ಗಾಲಿ ಮೊಣಕಾಲುದ್ದ ಹೂತರೂ ಅಚ್ಚು ಕೆಸರಿಗೆ ತಾಗಬಾರದು. ತಾಗಿದರೆ ಎತ್ತು ಎಳೆಯಲಾರದು. ಅಷ್ಟೇ ಅವರ ಶಾಸ್ತ್ರ. ಅದಕ್ಕೆ ಕಲಮು, ಉಪಕಲಮುಗಳಿರಲಿಲ್ಲ. ಹೂತ ಗಾಲಿ ಏನು ಮಾಡಬಲ್ಲುದೆಂಬುದನ್ನು ಕರ್ಣನ ಕಥೆಯನ್ನು ಬಯಲಾಟದಲ್ಲಿ ಕಂಡವರೆಲ್ಲ ಬಲ್ಲರು.

ಇನ್ನು ನನ್ನ ಕಾರಿನ ವಿಚಾರ. 2010ರ ಗಾಡಿ. ನಾಲ್ಕು ವರ್ಷಗಳ ಹಿಂದೆ ದೂರದ ಊರೊಂದರಿಂದ ಎರಡನೆಯ ಕೈಯಾಗಿ ಕೊಂಡದ್ದು. ಬಣ್ಣ ನೋಡಿದೆ, ಓಡಿದ ಕಿಲೋಮೀಟರ್ ನೋಡಿದೆ, ಕಾಗದಪತ್ರಗಳನ್ನು ಹಸ್ತಪ್ರತಿ ಪರಿಶೋಧಿಸುವವನಂತೆ ಅಕ್ಷರಕ್ಕಕ್ಷರ ನೋಡಿದೆ. ಬಗ್ಗಿ ಹೊಟ್ಟೆಯನ್ನು ನೋಡಲಿಲ್ಲ. ಕೂರಲು ಇಳಿಯಲು ತಗ್ಗಾಗಿ ಅನುಕೂಲವಾಗಿದೆಯೆಂದು ನನ್ನ ಹೆಂಡತಿ ಮೆಚ್ಚಿದಳು. ಉಬ್ಬುಗಳಲ್ಲಿ ಆಗಾಗ ಕೆಳಗೆ ಕರಕರ ಸದ್ದಾಗುತ್ತಿತ್ತು. ಹಳೆಯ ಗಾಡಿ, ನರಳುತ್ತದೆ ಎಂದುಕೊಂಡಿದ್ದೆ.

ಆ ರಾತ್ರಿ ಊರಲ್ಲಿ ತಂದೆಯವರಿಗೆ ಉಸಿರು ಕಟ್ಟಿತು. ಎಪ್ಪತ್ತೆಂಟರ ಜೀವ. ನಾನೂ ರಜೆಯ ನಿಮಿತ್ತ ಅಲ್ಲಿಯೇ ಇದ್ದೆ. ಕಾರು ಬಾಗಿಲಲ್ಲೇ ಇರುವಾಗ ಆಂಬುಲೆನ್ಸಿಗೆ ಏಕೆ ಕಾಯಬೇಕು ಎಂದವನು ನಾನೇ. ಅವ್ವ, ತಮ್ಮ, ಪಕ್ಕದ ಮನೆಯವರೊಬ್ಬರು, ತಂದೆಯವರು, ನಾನು, ಹೀಗೆ ಐದು ಜನ. ಹೊರಗೆ ಜಿನುಗು ಮಳೆ. ನಮ್ಮೂರಿನಿಂದ ಹೆದ್ದಾರಿಗೆ ಬರುವ ಹಾದಿಯಲ್ಲಿ ಇನ್ನೊಂದು ಹಳ್ಳಿಯಿದೆ. ಅಲ್ಲಿಯ ಶಾಲೆಯ ಮುಂದೆ ಊರವರೇ ಕಟ್ಟಿದ ಉಬ್ಬು ಒಂದಿದೆ. ಹಗಲಲ್ಲಿ ಒಬ್ಬನೇ ಇದ್ದಾಗ ಅದನ್ನು ಕರಕರ ಎನಿಸಿಕೊಂಡು ಎಷ್ಟೋ ಸಲ ದಾಟಿದ್ದೆ. ಅಂದು ಐವರ ಭಾರ, ನನ್ನ ಗಾಬರಿಯ ವೇಗ. ಕೆಳಗೆ ಯಾರೋ ಗುದ್ದಲಿಯಿಂದ ಹೊಡೆದಂತಾಯಿತು. ಗಾಡಿ ನಿಲ್ಲಲಿಲ್ಲ, ನಾನೂ ನಿಲ್ಲಿಸಲಿಲ್ಲ. ಎದುರಿನ ಫಲಕದಲ್ಲಿ ಎಣ್ಣೆಗಿಂಡಿಯಂತಹ ಒಂದು ಕೆಂಪು ಗುರುತು ಹೊತ್ತಿಕೊಂಡಿತು. ಅದೇನೆಂದು ನನಗೆ ತಿಳಿಯಲಿಲ್ಲ. ಒಂದು ಕಿಲೋಮೀಟರ್ ಹೋಗಿರಬಹುದು, ಇಂಜಿನ್ ಒಮ್ಮೆ ಕಿರುಗುಟ್ಟಿ ಕಟ್ಟಿಕೊಂಡಿತು.

ಎರಡೂ ಕಡೆ ಗದ್ದೆ, ಕಪ್ಪೆಗಳ ವಟವಟ. ಹಿಂದಿನ ಸೀಟಿನಲ್ಲಿ ತಂದೆಯವರ ಉಸಿರಿನ ಸದ್ದು. ಮುಕ್ಕಾಲು ಗಂಟೆಯ ಮೇಲೆ ಮಸ್ಕಿಯ ಕಡೆಯಿಂದ ಟಂಟಂ ಒಂದು ಬಂತು. ಕಾಯಿಪಲ್ಲೆಯ ಖಾಲಿ ಚೀಲಗಳ ಮೇಲೆ ಅವರನ್ನು ಮಲಗಿಸಿ ಸಿಂಧನೂರು ಸೇರಿಸಿದೆವು. ಬದುಕಿಕೊಂಡರು. ಆದರೆ ಹೊಲದವರೆಗೆ ನಡೆಯುತ್ತಿದ್ದವರು ಈಗ ಅಂಗಳದ ಬೇವಿನ ಮರದವರೆಗೆ ಮಾತ್ರ ನಡೆಯುತ್ತಾರೆ. ಆ ಮುಕ್ಕಾಲು ಗಂಟೆ ಏನೇನನ್ನು ಕಿತ್ತುಕೊಂಡಿತೆಂದು ವೈದ್ಯರನ್ನು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಮೂರನೆಯ ದಿನ ಮಾತು ಬಂದಾಗ ತಂದೆಯವರು ಮೊದಲು ಕೇಳಿದ್ದು ಇದನ್ನೇ: “ತಮ್ಮಾ, ಗಾಡಿ ಹೊಟ್ಟಿ ನೆಲಕ್ಕ ಬಡೀತೇನು? ಅಷ್ಟು ತಗ್ಗ ಯಾರು ಮಾಡ್ಯಾರ ಅದನ್ನ?”

ಮಾಡಿದವರು ಇದ್ದರು. ಗಾಡಿಯನ್ನು ಎಳೆಸಿ ತಂದ ಮೇಲೆ ಮೆಕಾನಿಕ್ ಅದನ್ನು ಮೇಲೆತ್ತಿ ನಿಲ್ಲಿಸಿ ನನ್ನನ್ನು ಕೆಳಗೆ ಕರೆದ. ಇಂಜಿನ್ನಿನ ಎಣ್ಣೆ ನಿಲ್ಲುವ ತಗಡಿನ ಚೇಂಬರ್ ಸೀಳಿಹೋಗಿತ್ತು. ಎಣ್ಣೆಯೆಲ್ಲ ಹಾದಿಯ ಪಾಲಾಗಿತ್ತು. ಅವನು ಬೆರಳು ತೋರಿದ್ದು ಮಾತ್ರ ಬೇರೆ ಕಡೆಗೆ. “ನೋಡ್ರಿ ಸರ್ರ, ಸ್ಪ್ರಿಂಗ್ ಕೊಯ್ದಾರ.” ಸುರುಳಿಯ ತುದಿಯಲ್ಲಿ ಗ್ರೈಂಡರಿನ ಗುರುತು ಹಳೆಯ ಗಾಯದಂತೆ ಕಾಣುತ್ತಿತ್ತು. ಒಂದೂವರೆ ಸುತ್ತು ಇರಲಿಲ್ಲ. ಹಿಂದಿನ ಒಡೆಯನಾರೋ ಚೆಲುವಿಗೆಂದು ಕೊಯ್ಯಿಸಿದ್ದ. “ಕವರ್ ನೋಡಿ ಪುಸ್ತಕ ತಗೊಂಡಂಗ ತಗೊಂಡೀರಿ” ಎಂದು ಸೇರಿಸಿದ. ಕನ್ನಡ ಅಧ್ಯಾಪಕನಿಗೆ ಇದಕ್ಕಿಂತ ಮರ್ಮಕ್ಕೆ ತಾಗುವ ವಿಮರ್ಶೆಯಿಲ್ಲ.

ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಬಿರುಸಾಗುತ್ತದೆ ಎಂದು ಅವನಿಂದ ಕಲಿತೆ. ಗಾಲಿ ಗುಂಡಿಗೆ ಇಳಿದಾಗ ಮೊಟಕಾದ ಸುರುಳಿ ತನ್ನ ಪೀಠ ಬಿಟ್ಟು ಜಾರಬಹುದು. ಕುಲುಕಾಟವನ್ನು ತಡೆಯುವ ಶಾಕಪ್ಪು ತನ್ನ ಅಳತೆ ತಪ್ಪಿ ಬೇಗ ಸೋರುತ್ತದೆ. ಗಾಲಿಗಳು ಒಳಕ್ಕೆ ವಾಲಿ ಟಯರು ಒಂದೇ ಅಂಚಿನಲ್ಲಿ ಸವೆಯುತ್ತದೆ. ನನ್ನ ಟಯರುಗಳ ಒಳಅಂಚು ಬೋಳಾಗಿದ್ದುದಕ್ಕೆ ಆ ದಿನ ಕಾರಣ ತಿಳಿಯಿತು. ತಯಾರಿಸಿದವರ ಪುಸ್ತಕದಲ್ಲಿ 170 ಮಿಲಿಮೀಟರ್ ಇದ್ದ ಅಂತರ, ಯಾರೂ ಕೂರದೆ ಅಳೆದಾಗ 115 ಬಂತು. ಐವರು ಕೂತಾಗ ಎಷ್ಟಿತ್ತೋ.

ಕಾನೂನು ಏನೆನ್ನುತ್ತದೆ ಎಂದು ಹುಡುಕಹೋದೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು, ತಯಾರಕರು ಮೂಲದಲ್ಲಿ ನಿಗದಿ ಮಾಡಿದ ವಿವರಗಳಿಗೆ ಬೇರೆಯಾಗುವಂತೆ ಒಡೆಯನು ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಮಾತನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಎಂದಾಯಿತು. ಅಂದರೆ ನಮ್ಮ ಕಾನೂನು ಕೋಲು ಹಿಡಿದು ನೆಲದಿಂದ ಅಳೆಯುವುದಕ್ಕಿಂತ ಮೂಲಪಾಠಕ್ಕೆ ಹೋಲಿಸಿ ನೋಡುತ್ತದೆ. ಗ್ರಂಥಸಂಪಾದನೆಯ ಪದ್ಧತಿಯೂ ಇದೇ ತಾನೆ. ಜಪಾನಿನವರದು ಕೋಲಿನ ಪದ್ಧತಿ: ಅಲ್ಲಿಯ ವಾಹನ ತಪಾಸಣೆಯಲ್ಲಿ ಒಂಬತ್ತು ಸೆಂಟಿಮೀಟರ್ ಬಯಲು ಉಳಿದಿರಬೇಕು, ಕಡಿಮೆಯಾದರೆ ಗಾಡಿ ಹಿಂದಕ್ಕೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕೋ ಮೂಲದ ತರುಣರು ಗಾಡಿಗಳನ್ನು ಇಳಿಸಿ ಮೆರೆಯುತ್ತಿದ್ದುದನ್ನು ತಡೆಯಲು 1958ರಲ್ಲಿ, ಒಡಲಿನ ಯಾವ ಭಾಗವೂ ಗಾಲಿಯ ರಿಮ್ಮಿನ ಕೆಳ ಅಂಚಿಗಿಂತ ಕೆಳಗಿರಕೂಡದೆಂದು ಶಾಸನವಾಯಿತು. ಮರುವರ್ಷವೇ ರಾನ್ ಅಗೀರೆ ಎಂಬಾತ ತನ್ನ ಕಾರಿಗೆ ಎಣ್ಣೆಯ ಒತ್ತಡದ ಪಂಪು ಜೋಡಿಸಿದ: ಗುಂಡಿ ಒತ್ತಿದರೆ ಗಾಡಿ ಏಳುತ್ತದೆ, ಪೊಲೀಸು ಹೋದ ಮೇಲೆ ಮತ್ತೆ ಇಳಿಯುತ್ತದೆ! ಇಳಿಸಿದ ಗಾಡಿ ಆ ಜನರ ಸಂಸ್ಕೃತಿಯ ಗುರುತೆಂದು ಒಪ್ಪಿ, ಆ ನಿರ್ಬಂಧವನ್ನು 2024ರ ಆರಂಭದಿಂದ ತೆಗೆದುಹಾಕಿದರು. ನಮ್ಮ ಸರ್ಕಾರಕ್ಕೂ ಈ ಅಂತರದ ಮೇಲೆ ಕಣ್ಣಿಲ್ಲದಿಲ್ಲ. ಅದು ಬೇರೆ ಕಣ್ಣು. ದೊಡ್ಡ ಗಾಡಿಗಳಿಗೆ ಹೆಚ್ಚಿನ ತೆರಿಗೆ ಹಾಕುವಾಗ ನೆಲದಂತರ 170 ಮಿಲಿಮೀಟರ್ ಅಥವಾ ಮೇಲ್ಪಟ್ಟಿದೆಯೇ ಎಂಬುದೂ ಒಂದು ಲಕ್ಷಣ. ಜನ ಕೂತಾಗಲೋ ಕೂರದಾಗಲೋ ಎಂಬ ತರ್ಕ ಎದ್ದು, ಕೂರದಾಗಲೇ ಎಂದು 2023ರ ಜುಲೈಯಲ್ಲಿ ಜಿ.ಎಸ್.ಟಿ. ಮಂಡಳಿ ಸ್ಪಷ್ಟಪಡಿಸಬೇಕಾಯಿತು.

ಹಾಗಾದರೆ ತಪ್ಪೆಲ್ಲ ಕೊಯ್ದ ಸ್ಪ್ರಿಂಗಿನದೇ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಕಾಲೇಜಿನ ಗಣಿತದ ಮೇಷ್ಟರು ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಇದನ್ನು ಬಿಡಿಸಿದರು. ರಸ್ತೆಯುಬ್ಬಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಾಕಿಕೊಟ್ಟ ಮಾದರಿಯಿದೆ: ಎತ್ತರ ಹತ್ತು ಸೆಂಟಿಮೀಟರ್, ಅಗಲ 3.7 ಮೀಟರ್, ಬೆನ್ನಿನ ಬಾಗು ಹದಿನೇಳು ಮೀಟರ್ ತ್ರಿಜ್ಯದ ವೃತ್ತದ ತುಣುಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಲು ಅನುಕೂಲವಾಗುವಂತೆ ಮಾಡಿದ್ದು. ನನ್ನ ಗಾಡಿಯ ಮುಂದಿನ ಹಿಂದಿನ ಗಾಲಿಗಳ ನಡುವೆ ಸುಮಾರು 2.4 ಮೀಟರ್. ಉಬ್ಬು ಅದಕ್ಕಿಂತ ಅಗಲವಾದ್ದರಿಂದ ಎರಡೂ ಗಾಲಿಗಳು ಅದರ ಬೆನ್ನಿನ ಮೇಲೆಯೇ ಇರುತ್ತವೆ. ಆಗ ನಡುಹೊಟ್ಟೆಯ ಕಡೆಗೆ ಉಬ್ಬು ಏಳುವುದು ಎಷ್ಟು? ಮೇಷ್ಟರು ಲಕೋಟೆಯ ಹಿಂಬದಿಯಲ್ಲಿ ಬರೆದು ಕೊಟ್ಟರು: ನಾಲ್ಕು ಸೆಂಟಿಮೀಟರಿಗೆ ತುಸು ಹೆಚ್ಚು. ನನ್ನ ಕೊಯ್ದ ಗಾಡಿಯಿರಲಿ, ಜಪಾನಿನ ಒಂಬತ್ತು ಸೆಂಟಿಮೀಟರಿನ ಗಾಡಿಯೂ ನೆಮ್ಮದಿಯಾಗಿ ದಾಟಬಲ್ಲುದು. ಅದೇ ಉಬ್ಬು ಎರಡಡಿ ಅಗಲದ ದಿಂಡಾದರೆ ಗಾಲಿಗಳೆರಡೂ ಸಮನೆಲದಲ್ಲಿರುತ್ತವೆ, ದಿಂಡಿನ ಪೂರ್ತಿ ಎತ್ತರ ಹೊಟ್ಟೆಗೆ ಬರುತ್ತದೆ. ಎತ್ತರಕ್ಕಿಂತ ಅಗಲ ಮುಖ್ಯ ಎಂದು ಮೇಷ್ಟರು ಲಕೋಟೆಯನ್ನು ನನ್ನ ಜೇಬಿಗಿಟ್ಟರು.

ಆ ಲಕೋಟೆಯೊಂದಿಗೆ ಒಂದು ಭಾನುವಾರ ಆ ಹಳ್ಳಿಗೆ ಹೋದೆ. ಹೇಳಿಯೇ ಬಿಡುತ್ತೇನೆಂಬ ಆವೇಶವಿತ್ತು. ಶಾಲೆಯ ಕಟ್ಟೆಯ ಮೇಲೆ ಹಿರಿಯರೊಬ್ಬರು ಕೂತಿದ್ದರು. ನಾನು ಟೇಪು ಹಿಡಿದು ಅಳೆಯುವುದನ್ನು ಸ್ವಲ್ಪ ಹೊತ್ತು ನೋಡಿ, “ಎಷ್ಟ ಬಂತ್ರಿ?” ಎಂದರು. ಹದಿನಾರು ಸೆಂಟಿಮೀಟರ್ ಎತ್ತರ, ಅಗಲ ಎರಡಡಿಗೂ ಕಡಿಮೆ. ಇಷ್ಟು ಕಡಿದಾಗಿ ಯಾರು ಕಟ್ಟಿದರು ಎಂದೆ.

“ಯಾರೂ ಅಳದು ಕಟ್ಟಿಲ್ರಿ” ಎಂದರು ಅವರು. “ಸಾಲಿ ಬಿಟ್ಟು ಓಡಿ ಬರೋ ಕೂಸಿಗೆ ಗಾಡಿ ಬಡೀತು. ಮಣ್ಣು ಮಾಡಿ ಬಂದ ಸಂಜಿ ಮನಿಗೊಬ್ಬರು ಒಂದೊಂದು ಬುಟ್ಟಿ ಕಲ್ಲು ಮಣ್ಣು ತಂದು ಹಾಕಿದ್ವಿ. ಎಷ್ಟು ಮನಿ ಅದಾವೋ ಅಷ್ಟ ಎತ್ತರ ಆತು.”

ನಾನು ಟೇಪನ್ನು ಮಡಿಚಿದೆ. ಆ ದಿಂಡು ಎದ್ದ ಮೇಲೆ ಅಲ್ಲಿ ಇನ್ನೊಂದು ಮಗುವಿಗೆ ಏನೂ ಆಗಿಲ್ಲವೆಂದೂ ಅವರು ಹೇಳಿದರು. ನನ್ನ ತಂದೆಯವರ ಸಂಗತಿಯನ್ನು ನಾನು ಹೇಳಿದೆ. ಬಹಳ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದೆವು. ಇಬ್ಬರ ಮಾತಿಗೂ ಉತ್ತರವಾಗುವಂತಹದು ಆ ಲಕೋಟೆಯ ಹಿಂಬದಿಯಲ್ಲಿತ್ತು ನಿಜ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಇನ್ನೆರಡು ಭಾನುವಾರ ಬೇಕಾದವು. ಕಡೆಗೆ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದೆವು: ನಿಯಮದ ಅಗಲದ ಉಬ್ಬು, ಬಿಳಿಯ ಪಟ್ಟೆ, ಮುಂಚಿತವಾಗಿ ಎಚ್ಚರಿಸುವ ಫಲಕ. ಹಿರಿಯರು ಹೆಬ್ಬೆಟ್ಟೊತ್ತುವ ಮೊದಲು ಒಂದು ವಾಕ್ಯ ಸೇರಿಸಿಸಿದರು. ಹೊಸದನ್ನು ಹತ್ತು ಮಾರು ಈಚೆಗೆ ಕಟ್ಟಿ ಮುಗಿಸುವವರೆಗೆ ಹಳೆಯದಕ್ಕೆ ಯಾರೂ ಗುದ್ದಲಿ ಹಾಕಬಾರದು. ನಾನು ಬರೆದ ಆಡಳಿತ ಕನ್ನಡದ ವಾಕ್ಯಗಳಲ್ಲಿ ಇಷ್ಟು ಖಚಿತವಾದದ್ದು ಇನ್ನೊಂದಿಲ್ಲ. ಅರ್ಜಿ ಪಂಚಾಯಿತಿಯಲ್ಲಿದೆ, ದಿಂಡು ಹಾದಿಯಲ್ಲಿದೆ.

ಗಾಡಿಗೆ ಹೊಸ ಇಂಜಿನ್ ಭಾಗಗಳು, ಹೊಸ ಚೇಂಬರ್, ಮೂಲದಂತಹವೇ ನಾಲ್ಕು ಸ್ಪ್ರಿಂಗುಗಳು ಬಂದವು. ಖರ್ಚಿನ ಮಾತು ಬೇಡ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ತೀರುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸುವ ಮೊದಲು ಗಾಡಿಯನ್ನು ಒಯ್ದು ತೋರಿಸಬೇಕು. ನನ್ನದಕ್ಕೂ ಆ ಹೊತ್ತು ಬಂದಿತ್ತು. ಬಯಲಿನಲ್ಲಿ ಸಾಲು ನಿಂತ ಗಾಡಿಗಳ ನಡುವೆ, ಜನ ಈಗಲೂ ಬ್ರೇಕ್ ಇನ್‌ಸ್ಪೆಕ್ಟರೆಂದು ಕರೆಯುವ ಅಧಿಕಾರಿ ಬಂದರು. ಷಾಸಿಯ ಸಂಖ್ಯೆ ನೋಡಿದರು, ದೀಪ, ಹಾರನ್ನು, ಬ್ರೇಕು ನೋಡಿದರು. ಬಾನೆಟ್ಟಿನ ಮೇಲೆ ಅಂಗೈಯೂರಿ ಒಮ್ಮೆ ಕೆಳಕ್ಕೊತ್ತಿ ಬಿಟ್ಟರು. ಗಾಡಿ ಒಂದು ಸಲ ಮೇಲೆದ್ದು ಸುಮ್ಮನಾಯಿತು. ಆಮೇಲೆ, ನಾಲ್ಕು ವರ್ಷ ನಾನು ಮಾಡದೆ ಉಳಿದ ಕೆಲಸವನ್ನು ಅವರು ಅರ್ಧ ನಿಮಿಷದಲ್ಲಿ ಮಾಡಿದರು: ಮಂಡಿಯೂರಿ ಬಗ್ಗಿ ಕೆಳಗೆ ನೋಡಿದರು. “ಸ್ಪ್ರಿಂಗ್ ಹೊಸಾವು ಅದಾವಲ್ರಿ?” ಎಂದರು. ನಾನು ಎಲ್ಲವನ್ನೂ ಹೇಳಹೊರಟೆ. ಹಿಂದೆ ಇನ್ನೂ ಇಪ್ಪತ್ತು ಗಾಡಿಗಳಿದ್ದವು. “ಇರ್ಲಿ ಬಿಡ್ರಿ, ಹೋಗ್ರಿ” ಎಂದು ಮುಂದಿನ ಗಾಡಿಗೆ ನಡೆದರು.

ಹಿಂದಿನ ಬೆಂಚಿನವನಿಗೂ ಇದನ್ನೆಲ್ಲ ಹೇಳಿದೆ. ಸ್ಪ್ರಿಂಗ್ ಕೊಯ್ಯುವುದು ಪಾಪವೆಂದು ಅವನೂ ಒಪ್ಪಿದ. ತನ್ನದು ಕೊಯ್ದದ್ದಲ್ಲ, ಇಳಿಸುವುದಕ್ಕೆಂದೇ ಮಾಡಿದ ಜೋಡಿಯನ್ನು ತರಿಸಿ ಕೂಡಿಸಿದ್ದು, ಎರಡಕ್ಕೂ ಅಜಗಜಾಂತರವೆಂದ. ಯಂತ್ರಶಾಸ್ತ್ರಕ್ಕೆ ಅಂತರವಿರಬಹುದು, 52ನೆಯ ಕಲಮಿಗೆ ಇದ್ದಂತೆ ಕಾಣೆ ಎಂದೆ. ನಕ್ಕ. ಕಾರನ್ನು ಎತ್ತರಿಸಿಲ್ಲ.

ಹೋದ ತಿಂಗಳು ತಂದೆಯವರನ್ನು ನೋಡಲು ಅವನು ನಮ್ಮೂರಿಗೆ ಬಂದಿದ್ದ. ಕೈಯಲ್ಲಿ ಹಣ್ಣಿನ ಚೀಲ, ಪ್ಯಾಂಟಿನ ಅಂಚಿಗೆ ಮೊಣಕಾಲಿನವರೆಗೆ ಎರೆಮಣ್ಣು. ಬೇವಿನ ಕೆಳಗೆ ಕೂತಿದ್ದ ತಂದೆಯವರು ಕೇಳಿದರು: “ಗಾಡಿ ಎಲ್ಲಿ ಬಿಟ್ಟಿಯಪಾ?”

“ಸಾಲಿ ಆಚೀಗೆ ಬಿಟ್ಟೀನಿ ತಾತಾ. ಅಲ್ಲಿಂದ ನಡ್ಕೊಂಡು ಬಂದೆ.”

“ಎರಡು ಮೈಲಿ ಆತಲ್ಲೋ” ಎಂದು ತಂದೆಯವರು ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಅವನಿಗೆ ಜಾಗ ಮಾಡಿಕೊಟ್ಟರು.